ಉದ್ದನೆಯ ಪಿನ್ನು

ಮೂರು ಪಿನ್ನಿನ ಪ್ಲಗ್ಗಿನಲ್ಲಿ ನನಗೆ ಮೆಚ್ಚು ಮೇಲಿನ ದಪ್ಪ, ಉದ್ದನೆಯ ಅರ್ಥಿಂಗ್ ಪಿನ್ನು. ಸಾಕೆಟ್ಟಿಗೆ ಮೊದಲು ತಾಗುವುದು ಅದೇ, ಕೀಳುವಾಗ ಕೊನೆಗೆ ಬಿಡುವುದೂ ಅದೇ. ಹಾಗಾಗಿ 230 ವೋಲ್ಟ್ ಒಳಹೊಗುವ ಮೊದಲೇ ಇಸ್ತ್ರಿಪೆಟ್ಟಿಗೆಯ ಲೋಹದ ಮೈ ಭೂಮಿಗೆ ಜೋಡಣೆಯಾಗಿರುತ್ತದೆ. ದಪ್ಪಗಿರುವುದರಿಂದ ಫೇಸಿನ ತೂತಿಗೆ ತಪ್ಪಿಯೂ ನುಗ್ಗದು. ಶಟರ್ ಇರುವ ಸಾಕೆಟ್ಟಿನಲ್ಲಿ ಕೆಳಗಿನ ಎರಡು ತೂತುಗಳ ಬಾಗಿಲು ತೆರೆಯುವುದೂ ಇದೇ. ಎರಡು ಪಿನ್ನಿನ ಪ್ಲಗ್ ಹೋಗಲಿಲ್ಲವೆಂದು ಮೇಲಿನ ತೂತಿಗೆ ಪೆನ್ನು ತುರುಕುವ ನಮ್ಮ ಜಾಣತನಕ್ಕೆ ಏನೆನ್ನೋಣ! ಪಿನ್ನಿನ ಸೀಳು ಬಿಸಿಗೆ ಹಿಗ್ಗಲೆಂದು ಇದೆ ಎನ್ನುವವರುಂಟು. ಅಲ್ಲ, ಸ್ಪ್ರಿಂಗಿನಂತೆ ಬಿಗಿಯಾಗಿ ಒತ್ತಿ ಕೂರಲು. ಸಡಿಲವಾದರೆ ಕಿಡಿ ಹಾರಿ ಪ್ಲಾಸ್ಟಿಕ್ ಸುಡುತ್ತದೆ. ಇಷ್ಟೆಲ್ಲ ಫಲಿಸುವುದು ಗೋಡೆಯೊಳಗೆ ಭೂಮಿಗೆ ಇಳಿಯುವ ಹಸಿರು ತಂತಿ ಇದ್ದರೆ. ಬಾಡಿಗೆಮನೆ ನೋಡುವಾಗ ನಲ್ಲಿ ತಿರುಗಿಸಿ ಪರೀಕ್ಷಿಸುವವರು ಅದನ್ನು ಮಾತ್ರ ವಿಚಾರಿಸುವುದಿಲ್ಲ.