ಅವಸರದ ಸಮಾಧಾನ

ಆಂಧ್ರದ ಆದೋನಿ, ಕೋಸಗಿ ಕಡೆ ಕ್ರೈಸ್ತರ ಮನೆಯಲ್ಲಿ ಸಾವಾದರೆ ಪಾಸ್ಟರು ಬಂದು ಹೇಳುವ ಮಾತು ಹೆಚ್ಚುಕಡಿಮೆ ಒಂದೇ: ಅಳಬೇಡಿ, ಅವರು ಕರ್ತನ ಹತ್ತಿರ ಹೋಗಿದ್ದಾರೆ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಯೇಸು ಧನ್ಯರೆಂದು ಕರೆದದ್ದು ಅಳು ನುಂಗಿಕೊಂಡವರನ್ನಲ್ಲ, ದುಃಖಿಸುವವರನ್ನು. ಸಮಾಧಾನ ಅಲ್ಲಿ ಮುಂದಕ್ಕೆ ಕೊಟ್ಟ ಮಾತು, ದುಃಖ ಮಾತ್ರ ಈಗಿನದು. ಈ ಎರಡರ ನಡುವಿನ ಹೊತ್ತನ್ನು ನಮ್ಮ ಸಭೆಗಳು ಸಹಿಸುತ್ತಿಲ್ಲ ಎಂಬುದೇ ನನ್ನ ತಕರಾರು.

ಬೈಬಲ್ಲಿಗೆ ಇಂಥ ಅವಸರವಿಲ್ಲ. ಲಾಜರನನ್ನು ಎಬ್ಬಿಸಲೆಂದೇ ಬೇಥಾನ್ಯಕ್ಕೆ ಬಂದ ಯೇಸು, ಗೋರಿಗೆ ಹೋಗುವ ಮೊದಲು ಅತ್ತ. ಇನ್ನೇನು ಜೀವ ಬರುತ್ತದೆ ಎಂದು ಗೊತ್ತಿದ್ದವನೇ ಅತ್ತಮೇಲೆ ಗೊತ್ತಿಲ್ಲದವರ ಪಾಡೇನು? ಯೋಬನ ಗೆಳೆಯರು ಏಳು ದಿನ ಏಳು ರಾತ್ರಿ ಬಾಯಿಬಿಡದೆ ಅವನ ಪಕ್ಕ ನೆಲದ ಮೇಲೆ ಕೂತರು. ಅಲ್ಲಿಯವರೆಗೆ ಅವರು ಗೆಳೆಯರೇ. ಬಾಯಿಬಿಟ್ಟು ದೇವರ ನ್ಯಾಯ ವಿವರಿಸಲು ಹೊರಟಮೇಲೆ ಕೆಟ್ಟರು. 88ನೆಯ ಕೀರ್ತನೆಯಂತೂ ಕತ್ತಲಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ಒಂದು ಸ್ತೋತ್ರವೂ ಇಲ್ಲ. ಬೇತ್ಲೆಹೇಮಿನ ಕೂಸುಗಳ ಕೊಲೆಯಾದಾಗ ಮತ್ತಾಯ ನೆನೆಸಿಕೊಳ್ಳುವುದು, ಯಾರು ಸಂತೈಸಿದರೂ ಒಲ್ಲೆನೆಂದ ರಾಹೇಲಳನ್ನು. ಮತ್ತಾಯ ಅವಳಿಗೆ ಬುದ್ಧಿ ಹೇಳಹೋಗುವುದಿಲ್ಲ. ನಮ್ಮಲ್ಲಿ ಅಳು ನಿಲ್ಲಿಸಲು ಎತ್ತಿಹೇಳುವುದು ಪೌಲನು ಥೆಸಲೋನಿಕದವರಿಗೆ ಬರೆದ ಮಾತು. ಅವನು ಬರೆದದ್ದು ನಿರೀಕ್ಷೆ ಇಲ್ಲದವರ ಹಾಗೆ ದುಃಖಿಸಬೇಡಿ ಎಂದು. ಪ್ರಸಂಗದಲ್ಲಿ ಉಳಿದದ್ದು ದುಃಖಿಸಬೇಡಿ ಎಂಬುದಷ್ಟೇ.

ಈ ಅವಸರ ಎಲ್ಲಿಂದ ಬಂತು? ಉತ್ತರಕ್ಕೆ ಬಳ್ಳಾರಿಯ ಮಿಷನ್ನಿನ ಕಡೆ ನೋಡಬೇಕು, ಯಾಕೆಂದರೆ ಕೋಸಗಿ 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯ ಆದೋನಿ ತಾಲ್ಲೂಕಿನ ಊರಾಗಿತ್ತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆನಿಂತ. ಅವನೂ ವಿಲಿಯಂ ರೀವ್ ಮೊದಲಾದವರೂ ದುಡಿದು ತಂದ ಕನ್ನಡದ ಪೂರ್ಣ ಬೈಬಲ್ 1831ರದು. ಯೋಬ, ರಾಹೇಲ, ಪ್ರಲಾಪಗಳು ಎಲ್ಲವೂ ಹಾಗೆ ಕನ್ನಡಕ್ಕೆ ಬಂದವು. ಆದರೆ ಆ ಕಾಲದ ಮಿಷನರಿಗಳು ಮೆಚ್ಚಿ ಬರೆಯುತ್ತಿದ್ದದ್ದು ಶಾಂತವಾದ ಸಾವನ್ನು: ಹಾಸಿಗೆಯ ಸುತ್ತ ಪ್ರಾರ್ಥನೆ, ಸಾಯುವವನ ಬಾಯಲ್ಲಿ ವಿಶ್ವಾಸದ ಮಾತು, ಉಳಿದವರ ಮುಖದಲ್ಲಿ ತಾಳ್ಮೆ. ನಮ್ಮ ಕಡೆ ಹೆಂಗಸರು ಹೆಣದ ಮುಂದೆ ಕೂತು, ಸತ್ತವರ ಗುಣ, ತಮ್ಮ ಪಾಡು ಎರಡನ್ನೂ ಸೇರಿಸಿ ಹಾಡ್ಯಾಡಿ ಅಳುವ ರೂಢಿ ಅಂಥ ಕಣ್ಣಿಗೆ ಅವಿಶ್ವಾಸದ ಗದ್ದಲವಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಹಾಗೆಂದು ಮಿಷನ್ ನಮ್ಮ ರೂಢಿಯನ್ನು ಕೆಡಿಸಿತು ಎಂದು ಒಂದೇ ಏಟಿಗೆ ತೀರ್ಪು ಕೊಡಲಾರೆ. ಊರಲ್ಲಿ ಮೇಲಿನವರು ಸತ್ತರೆ ಸಾವಿನ ಸುದ್ದಿ ಒಯ್ಯುವುದು, ಹಲಗೆ ಬಾರಿಸುವುದು, ಕುಣಿ ತೋಡುವುದು ಮಾದಿಗರ, ಹೊಲೆಯರ ಪಾಲಿನ ಬಿಟ್ಟಿ ಚಾಕರಿಯಾಗಿತ್ತು. ಸಭೆಗೆ ಸೇರಿದವರಲ್ಲಿ ಬಹುಪಾಲು ಈ ಜನವೇ. ಅವರು ಹಲಗೆ ಕೆಳಗಿಟ್ಟು, ತಮ್ಮವರನ್ನು ಪೆಟ್ಟಿಗೆಯಲ್ಲಿಟ್ಟು, ಕೀರ್ತನೆ ಹೇಳುತ್ತ ಮಣ್ಣಿಗೆ ಒಯ್ದದ್ದು ಮಾನದ ಮಾತು. ಇನ್ನೊಬ್ಬರ ಸಾವಿಗೆ ದುಡಿದೇ ಸವೆದವರಿಗೆ ತಮ್ಮ ಸಾವಿಗೊಂದು ಮರ್ಯಾದೆ ಸಿಕ್ಕಿತು. ಹಲಗೆಯ ಜೊತೆ ಹಾಡ್ಯಾಡಿ ಅಳುವುದೂ ಹೊರಗೆ ಹೋದದ್ದು ಮಾತ್ರ ನಷ್ಟ.

ಸಮಾಧಾನವೆಂದರೆ ಬರೀ ಮಾತಲ್ಲ ಎಂಬುದನ್ನೂ ಆ ಕಾಲದ ಮಿಷನ್ನುಗಳೇ ತೋರಿಸಿದ್ದವು. 1876-78ರ ಧಾತು, ಈಶ್ವರ ಸಂವತ್ಸರಗಳ ಬರ ಬಳ್ಳಾರಿ, ಕರ್ನೂಲು ಸೀಮೆಯನ್ನು ಹುರಿದು ಹಾಕಿತು. ಆಗ ಒಂಗೋಲಿನ ಬ್ಯಾಪ್ಟಿಸ್ಟ್ ಮಿಷನರಿ ಜಾನ್ ಕ್ಲೌ ಬಕಿಂಗ್‌ಹ್ಯಾಮ್ ಕಾಲುವೆಯ ಒಂದು ಭಾಗದ ಗುತ್ತಿಗೆ ಹಿಡಿದು ಹಸಿದವರಿಗೆ ಕೂಲಿ ಕೊಟ್ಟ. ಅನ್ನಕ್ಕಾಗಿ ಬಂದವರೆಂಬ ಮಾತು ಬರಬಾರದೆಂದು ದೀಕ್ಷಾಸ್ನಾನ ತಡೆದಿಟ್ಟ. 1878ರ ಜುಲೈ 3ರಂದು ಒಂದೇ ದಿನ 2,222 ಜನ ಸ್ನಾನ ಪಡೆದರು. ಮೊದಲು ಕೂಲಿ, ಆಮೇಲೆ ಬೋಧನೆ. ಈ ಕ್ರಮ ಇಂದಿನ ಪ್ರಸಂಗಿಗಳಿಗೆ ನೆನಪಿದ್ದರೆ ಚೆನ್ನಾಗಿತ್ತು.

ಕಥೋಲಿಕರ ದಾರಿ ಬೇರೆ. ಸತ್ತವರಿಗಾಗಿ ಮಾಡುವ ಕೆಲಸವನ್ನು ಅವರು ಉಳಿಸಿಕೊಂಡರು: ಏಳನೆಯ ದಿನದ, ಮೂವತ್ತನೆಯ ದಿನದ ಪೂಜೆ, ನವೆಂಬರ್ 2ರ ಸ್ಮರಣೆ. 1969ರ ಹೊಸ ವಿಧಿಯಲ್ಲಿ ಪುನರುತ್ಥಾನಕ್ಕೆ ಒತ್ತು ಬಂತು, ನ್ಯಾಯತೀರ್ಪಿನ ಭಯದ ಹಳೆಯ ಲತೀನ್ ಗೀತೆ ಬಿಟ್ಟುಹೋಯಿತು, ಕಪ್ಪು ಉಡುಪಿನ ಜಾಗಕ್ಕೆ ಹೆಚ್ಚಾಗಿ ನೇರಳೆ, ಬಿಳಿ ಬಂದವು. ಪ್ರೊಟೆಸ್ಟೆಂಟರು ಸತ್ತವರಿಗಾಗಿ ಪ್ರಾರ್ಥಿಸುವುದನ್ನೇ ಬಿಟ್ಟವರು, ಆದ್ದರಿಂದ ಮಣ್ಣು ಕೊಟ್ಟಮೇಲೆ ಅವರ ಕೈಗೆ ಕೆಲಸವಿಲ್ಲ. ಆ ಖಾಲಿ ಜಾಗಕ್ಕೆ ಆದರಣೆ ಕೂಟ, ಜ್ಞಾಪಕಾರ್ಥ ಕೂಟ ಬಂದವು. ಒಳ್ಳೆಯ ರೂಢಿಗಳೇ. ಆದರೆ ಮೈಕು, ಶಾಮಿಯಾನ, ಊಟ, ಮೂರು ಜನರ ಉದ್ದದ ಪ್ರಸಂಗದ ನಡುವೆ ಸತ್ತವರ ಹೆಸರು ಕೇಳಿಸುವುದೇ ಅಪರೂಪ, ವಿಧವೆ ಅಡುಗೆ ನೋಡಿಕೊಳ್ಳುತ್ತಿರುತ್ತಾಳೆ. ಈಚೆಗಿನ ಸ್ವಸ್ಥತೆ ಕೂಟಗಳ ಬೋಧನೆ ಇನ್ನೂ ಕ್ರೂರ: ವಿಶ್ವಾಸ ಸಾಲದೆ ಮಗು ಹೋಯಿತೆಂಬ ಸೂಚನೆ ಅಲ್ಲಿ ತಾಯಿಯ ತಲೆಗೆ ಬೀಳುತ್ತದೆ. ಯೋಬನ ಗೆಳೆಯರು ಇದಕ್ಕಿಂತ ಮೇಲು.

ಕೋಸಗಿಯ ಹಳ್ಳಿಗಳಲ್ಲಿ ಮೊಹರಂ ಬಂದರೆ ಕರ್ಬಲಾದ ದುಃಖವನ್ನು ಎಲ್ಲ ಜಾತಿಯವರೂ ಹಾಡುತ್ತಾರೆ. ಕ್ರೈಸ್ತರೂ ಶುಭ ಶುಕ್ರವಾರ ಮೂರು ತಾಸು ಕೂತು ಶಿಲುಬೆಯ ಏಳು ಮಾತು ಕೇಳಿ ಕಣ್ಣೀರು ಹಾಕುತ್ತಾರೆ. ಯೇಸುವಿಗಾಗಿ ಅಳುವುದು ಭಕ್ತಿ, ಮಗನಿಗಾಗಿ ಅಳುವುದು ಅವಿಶ್ವಾಸ ಎಂಬ ಲೆಕ್ಕ ನನಗೆ ಬಗೆಹರಿದಿಲ್ಲ.

ಈ ಸೀಮೆಯ ದುಃಖಕ್ಕೆ ಇನ್ನೊಂದು ಮುಖವಿದೆ. ಮಳೆ ಕೈಕೊಟ್ಟ ವರ್ಷ ಇಲ್ಲಿಯ ಜನ ಗುಂಟೂರಿನ ಕಡೆ ಮೆಣಸಿನಕಾಯಿ, ಹತ್ತಿ ಬಿಡಿಸಲು ಗುಳೆ ಹೋಗುತ್ತಾರೆ. ಊರಲ್ಲಿ ಮುದುಕರು ಉಳಿಯುತ್ತಾರೆ. ತಂದೆ ತೀರಿದ ಸುದ್ದಿ ಫೋನಿನಲ್ಲಿ ಬಂದು, ಮಗ ತಲುಪುವ ಹೊತ್ತಿಗೆ ಮಣ್ಣು ಮುಗಿದಿರಬಹುದು. ಅವನ ಅಳುವಿಗೆ ಹೆಣವೂ ಇಲ್ಲ, ಜನವೂ ಇಲ್ಲ. ಮನೆಯಲ್ಲಿ ಕನ್ನಡ, ಆರಾಧನೆಯಲ್ಲಿ ತೆಲುಗು ಎಂಬ ಕುಟುಂಬವಾದರೆ ಸಮಾಧಾನವೂ ಪರಭಾಷೆಯಲ್ಲೇ ಬರುತ್ತದೆ. ಇಂಥ ಮಗನ ದುಃಖಕ್ಕೆ ಸಭೆಯ ಆರಾಧನಾ ಪುಸ್ತಕದಲ್ಲಿ ವಿಧಿ ಹುಡುಕಿದರೆ ಸಿಗದು.

ಪಾಸ್ಟರುಗಳಲ್ಲಿ ನನ್ನ ವಿನಂತಿ ಇಷ್ಟೇ. ಸತ್ತ ಮನೆಗೆ ಹೋದ ಮೊದಲ ದಿನ ಪ್ರಸಂಗ ಬೇಡ, ಕೂತಿರಿ. ಹೆಂಗಸರು ಹಾಡ್ಯಾಡಿ ಅಳಲಿ, ತಡೆಯಬೇಡಿ. ಮಣ್ಣಿನ ಹೊತ್ತಿಗೆ 88ನೆಯ ಕೀರ್ತನೆಯನ್ನು ಮನೆಯವರ ಭಾಷೆಯಲ್ಲಿ ಪೂರ್ತಿ ಓದಿ. ಗುಳೆಯಿಂದ ಮಗ ಬಂದ ದಿನ, ಅದು ಎಷ್ಟನೆಯ ದಿನವೇ ಆಗಿರಲಿ, ಇನ್ನೊಮ್ಮೆ ಹೋಗಿ.