ಬೆಸಿ ಹೆಡ್ ಅವರ ಕೃತಿಗಳಲ್ಲಿ ಒಕ್ಕಲುತನವೂ ಕಸಬಿನ ಶಿಕ್ಷಣವೂ

ಒಕ್ಕಲುತನವನ್ನೂ ಕಸಬಿನ ಕಲಿಕೆಯನ್ನೂ ವಸ್ತುವಾಗಿ ಉಳ್ಳ ಕಾದಂಬರಿಯೆಂದೊಡನೆಯೇ ವಾಚಕರಲ್ಲಿ ಒಂದು ಶಂಕೆ ಹುಟ್ಟುವುದು ಸಹಜ. ಅಂತಹ ಗ್ರಂಥಗಳಲ್ಲಿ ಕಥೆಯು ಗಾಡಿ, ಉಪದೇಶವು ಸರಕು. ಸರಕನ್ನು ಇಳಿಸಿಕೊಂಡ ಮೇಲೆ ಗಾಡಿಯನ್ನು ಕೇಳುವವರಿಲ್ಲ. ದಕ್ಷಿಣ ಆಫ್ರಿಕದಲ್ಲಿ ಹುಟ್ಟಿ ಬೋತ್ಸ್ವಾನದಲ್ಲಿ ನೆಲೆನಿಂತ ಬೆಸಿ ಹೆಡ್ (1937–1986) ಅವರ ಮೊದಲನೆಯ ಕಾದಂಬರಿ ‘ವೆನ್ ರೇನ್ ಕ್ಲೌಡ್ಸ್ ಗ್ಯಾದರ್’ (1968) ಈ ಶಂಕೆಗೆ ಧಾರಾಳವಾಗಿ ಎಡೆಗೊಡುವಂತಿದೆ. ಬೇಲಿ ಹಾಕುವ ಕ್ರಮ, ಹುಲ್ಲುಗಾವಲಿನ ರಕ್ಷಣೆ, ಹೊಗೆಸೊಪ್ಪನ್ನು ಒಣಗಿಸುವ ಕೊಟ್ಟಿಗೆ, ಸಹಕಾರ ಸಂಘದ ಲೆಕ್ಕ—ಇವು ಅಲ್ಲಿ ಪುಟಗಟ್ಟಲೆ ಬರುತ್ತವೆ. ಆದರೆ ಗ್ರಂಥವನ್ನು ಎರಡನೆಯ ಸಾರಿ ಓದಿದವರಿಗೆ ಒಂದು ವಿಚಿತ್ರವು ಕಾಣದೆ ಇರದು. ಅದರಲ್ಲಿ ಜೀವವಿರುವುದು ಈ ಬೇಲಿ ಕೊಟ್ಟಿಗೆಗಳ ಪುಟಗಳಲ್ಲಿಯೇ. ಸಪ್ಪೆಯಾಗಿರುವುದು ‘ಕಥೆ’ಯೆಂದು ವಾಡಿಕೆಯಾಗಿ ಕರೆಯುವ ಭಾಗ.

ಹೆಡ್ ಅವರು 1964ರಲ್ಲಿ, ಮರಳಿ ಬರಲು ಅವಕಾಶವಿಲ್ಲದ ಪರವಾನಗಿಯ ಮೇಲೆ ತಾಯ್ನಾಡನ್ನು ಬಿಟ್ಟು, ಆಗ ಬೆಚುವಾನಾಲೆಂಡ್ ಎನಿಸಿದ್ದ ದೇಶದ ಸೆರೋವೆ ಎಂಬ ದೊಡ್ಡ ಹಳ್ಳಿಗೆ ಉಪಾಧ್ಯಾಯಿನಿಯಾಗಿ ಬಂದರು. ದೇಶವು 1966ರಲ್ಲಿ ಸ್ವತಂತ್ರವಾಯಿತು. ಅವರಿಗೆ ಪೌರತ್ವ ದೊರೆತದ್ದು 1979ರಲ್ಲಿ. ನಡುವಣ ವರುಷಗಳಲ್ಲಿ ಅವರು ನಿರಾಶ್ರಿತರು. ಈ ಸಂಗತಿಯನ್ನು ಮರೆತರೆ, ಒಂದು ತುಂಡು ನೆಲವನ್ನು ಹಸನುಮಾಡುವ ಕೆಲಸಕ್ಕೆ ಅವರ ಬರಹದಲ್ಲಿ ಇಷ್ಟು ಭಾವದ ಭಾರ ಏಕೆ ಬಂದಿತೆಂಬುದು ತಿಳಿಯದು.

ಕಾದಂಬರಿಯ ಊರು ಗೊಲೇಮ ಮ್ಮಿಡಿ. ಹೆಸರಿಗೆ ಬೆಳೆ ಬೆಳೆಯುವುದೆಂದೇ ಅರ್ಥ. ತ್ಸ್ವಾನ ಜನರ ಹಳೆಯ ಜೀವನಕ್ರಮದಲ್ಲಿ ಒಂದು ಕುಟುಂಬಕ್ಕೆ ಮೂರು ನೆಲೆಗಳು: ಹಳ್ಳಿಯಲ್ಲಿ ಮನೆ, ದೂರದಲ್ಲಿ ಹೊಲ, ಇನ್ನೂ ದೂರದಲ್ಲಿ ದನದ ದೊಡ್ಡಿ. ಗಂಡಸರೂ ಹುಡುಗರೂ ದನಗಳ ಹಿಂದೆ. ಉತ್ತು ಬಿತ್ತಿ ಒಕ್ಕಿ ಮನೆಮಂದಿಯ ಹೊಟ್ಟೆ ಹೊರೆಯುವ ಹೊಣೆ ಹೆಂಗಸರದು. ಗೊಲೇಮ ಮ್ಮಿಡಿಯ ಜನ ಈ ಅಲೆದಾಟವನ್ನು ಬಿಟ್ಟು ನೆಲೆಯಾಗಿ ನಿಂತವರು. ಅಲ್ಲಿಗೆ ಬಂದ ಇಂಗ್ಲಿಷ್ ವ್ಯವಸಾಯ ತಜ್ಞ ಗಿಲ್ಬರ್ಟನಿಗೆ ಮೊದಲು ಕಣ್ಣಿಗೆ ಬೀಳುವ ಅಸಂಗತವು ಇದು: ಹೊಲದಲ್ಲಿ ದುಡಿಯುವವರು ಹೆಂಗಸರು, ಆದರೆ ಮಣ್ಣಿನ ರಕ್ಷಣೆ, ಗೊಬ್ಬರ, ಕೀಟನಾಶಕ, ಹಣದ ಬೆಳೆ ಇವುಗಳ ವಿಷಯವಾಗಿ ಪಾಠ ನಡೆಯುವ ಕೊಠಡಿಯ ಬಾಗಿಲು ತೆರೆದಿರುವುದು ಗಂಡಸರಿಗೆ ಮಾತ್ರ. ಎಲ್ಲರನ್ನೂ ಒಳಗೊಂಡ ಅಭಿವೃದ್ಧಿಯೆಂದು ಈಚೆಗೆ ಎಲ್ಲರ ಬಾಯಲ್ಲೂ ಕೇಳಿಬರುವ ಮಾತಿನ ತಿರುಳು ಈ ಒಂದು ಅವಲೋಕನೆಯಲ್ಲಿದೆ. ಇದನ್ನು ಕಾದಂಬರಿಯು ವಾದವಾಗಿ ಬೆಳೆಸದೆ ಕಾರ್ಯವಾಗಿ ಬೆಳೆಸುತ್ತದೆಂಬುದೇ ಅದರ ಹೆಚ್ಚಳ. ದಕ್ಷಿಣ ಆಫ್ರಿಕದಿಂದ ಗಡಿ ದಾಟಿ ಓಡಿಬಂದ ಮಖಾಯ ಎಂಬ ತರುಣನು ಹೆಂಗಸರಿಗೆ ಹೊಗೆಸೊಪ್ಪಿನ ಬೆಳೆಯನ್ನು ಕಲಿಸಲು ನಿಲ್ಲುತ್ತಾನೆ. ಪೌಲೀನಾ ಎಂಬ ದಿಟ್ಟ ಹೆಂಗಸು ಉಳಿದವರನ್ನು ಕರೆತಂದು ಕೊಟ್ಟಿಗೆ ಕಟ್ಟಿಸುತ್ತಾಳೆ. ಮಣ್ಣು ಮೆತ್ತಿ ಮನೆ ಕಟ್ಟುವ ವಿದ್ಯೆ ಆ ಹೆಂಗಸರಿಗೆ ತಲೆತಲಾಂತರದಿಂದ ಬಂದದ್ದು. ಹೀಗಾಗಿ ಕಲಿಸಲು ಬಂದವನೇ ಒಂದು ಹಂತದಲ್ಲಿ ನೋಡುತ್ತ ನಿಲ್ಲಬೇಕಾಗುತ್ತದೆ. ಮಖಾಯನು ತಾನೇ ಬೆಂಕಿ ಹೊತ್ತಿಸಲು ಹೋದಾಗ ಪೌಲೀನಾ ಗಾಬರಿಗೊಳ್ಳುವ ಸಣ್ಣ ಸನ್ನಿವೇಶವೊಂದಿದೆ. ಗಂಡಸು ಒಲೆಯ ಕೆಲಸಕ್ಕೆ ಕೈಹಾಕುವುದು ಅಲ್ಲಿ ಕಂಡರಿಯದ ಸಂಗತಿ. ಪಾಠದ ಕೊಠಡಿಗೆ ಹೆಂಗಸು ಹೋಗುವುದೂ ಒಲೆಯ ಬಳಿಗೆ ಗಂಡಸು ಬರುವುದೂ ಒಂದೇ ಬದಲಾವಣೆಯ ಎರಡು ಮುಖಗಳೆಂಬುದನ್ನು ಗ್ರಂಥಕರ್ತ್ರಿ ಬಾಯಿಬಿಟ್ಟು ಹೇಳಿಲ್ಲ, ಹೇಳದಿದ್ದುದೇ ಒಳಿತಾಯಿತು.

ಕಿರುಧಾನ್ಯದ ಪ್ರಕರಣವು ಕನ್ನಡ ವಾಚಕರಿಗೆ ವಿಶೇಷ ಸ್ವಾರಸ್ಯದ್ದು. ಬರವನ್ನು ತಡೆದು ನಿಲ್ಲುವ ಕಿರುಧಾನ್ಯವನ್ನು ಬೆಳೆಯಿರೆಂದು ಗಿಲ್ಬರ್ಟನು ಹೇಳಿದರೆ ಜನ ಒಪ್ಪುವುದಿಲ್ಲ. ಕಾರಣವು ಮಣ್ಣಿನಲ್ಲಿಲ್ಲ, ಮಳೆಯಲ್ಲಿಲ್ಲ. ಕೀಳೆನಿಸಿಕೊಂಡ ಬುಡಕಟ್ಟುಗಳು ಅದನ್ನು ಬೆಳೆದು ತಿನ್ನುತ್ತಾರೆ, ಆದುದರಿಂದ ಮೇಲೆನಿಸಿಕೊಂಡವರು ಮುಟ್ಟಬಾರದು. ಧಾನ್ಯಗಳಿಗೂ ಕುಲವುಂಟೆಂಬ ಈ ಭಾವನೆ ಕನ್ನಡಿಗರಿಗೆ ಹೊಸದಲ್ಲ. ಕನಕದಾಸರ ‘ರಾಮಧಾನ್ಯಚರಿತ್ರೆ’ಯಲ್ಲಿ ಭತ್ತವೂ ರಾಗಿಯೂ ರಾಮನ ಮುಂದೆ ಹೂಡುವ ವ್ಯಾಜ್ಯವು ಇದೇ. ಅಲ್ಲಿ ಎರಡನ್ನೂ ಸೆರೆಯಲ್ಲಿಟ್ಟು ಕಾಲಪರೀಕ್ಷೆ ಮಾಡಿ, ಸೊರಗದೆ ಉಳಿದ ರಾಗಿಗೆ ಗೆಲವನ್ನು ಕೊಡಲಾಗುತ್ತದೆ. ಆ ರಾಗಿಯ ಮೂಲನೆಲೆಯು ಪೂರ್ವ ಆಫ್ರಿಕದ ಎತ್ತರದ ಸೀಮೆಯೆಂದು ಸಸ್ಯಶಾಸ್ತ್ರಜ್ಞರು ನಿರ್ಣಯಿಸಿರುವುದನ್ನು ನೆನೆದರೆ ಹೋಲಿಕೆಯು ಕೇವಲ ಆಕಸ್ಮಿಕವೆನ್ನಿಸದು. ಆದರೆ ದಾಸರಲ್ಲಿ ತೀರ್ಪು ಕೊಡಲು ರಾಮನಿದ್ದಾನೆ. ಹೆಡ್ ಅವರ ಕಾದಂಬರಿಯಲ್ಲಿ ಆ ಪೀಠದಲ್ಲಿ ಯಾರನ್ನು ಕೂಡಿಸಬೇಕೆಂಬುದು ತೊಡಕಾಗಿದೆ. ಗ್ರಂಥದ ದೋಷಗಳೆಲ್ಲ ಈ ತೊಡಕಿನಿಂದಲೇ ಹೊರಡುತ್ತವೆ.

ಗಿಲ್ಬರ್ಟನನ್ನು ಆ ಪೀಠಕ್ಕೆ ಏರಿಸುವ ಆಶೆ ಗ್ರಂಥಕರ್ತ್ರಿಗೆ ಆಗಾಗ್ಗೆ ಆಗಿದೆ. ಆತನು ಸಜ್ಜನ, ಶ್ರಮಜೀವಿ. ಊರಿನ ಮರಿಯಾಳನ್ನು ಮದುವೆಯಾಗಿ ಅಲ್ಲಿಯೇ ನಿಲ್ಲುವವನು. ಆದರೂ ಬಡವರಿಗೆ ಅನ್ನ ಬಟ್ಟೆ ವಿದ್ಯೆಗಳನ್ನು ಕೊಡುವ ಸರ್ವಾಧಿಕಾರವು ಬಂದರೆ ತಪ್ಪೇನೆಂದು ಮಾತನಾಡುವ ಮನುಷ್ಯನು ಆತ. ಈ ಮಾತು ಎಷ್ಟು ಅಪಾಯದ್ದೆಂಬುದನ್ನು ಕಾದಂಬರಿ ಸಾಕಷ್ಟು ಪರೀಕ್ಷಿಸಿಲ್ಲ. ಇತ್ತ ಊರಿನ ಮುಖ್ಯಸ್ಥ ಮಟೆಂಗೆಯು ದುಷ್ಟತನದ ಮುದ್ದೆ. ಒಕ್ಕಲಿಗನ ಕೈಗೆ ಬರುವ ನಾಲ್ಕು ಕಾಸು ತನ್ನ ಅಧಿಕಾರಕ್ಕೆ ಕುತ್ತೆಂದು ಅರಿತು ಎಲ್ಲಕ್ಕೂ ಅಡ್ಡಬರುತ್ತಾನೆ. ಕೊನೆಗೆ ಊರವರೆಲ್ಲ ಬಂದು ಅವನ ಅಂಗಳದಲ್ಲಿ ಮಾತಿಲ್ಲದೆ ಕುಳಿತುಬಿಟ್ಟಾಗ ಒಳಗೆ ನೇಣುಹಾಕಿಕೊಳ್ಳುತ್ತಾನೆ. ಆ ಮೌನದ ಚಿತ್ರ ಘನವಾದುದು. ಅದರಿಂದ ಹೊರಡುವ ಫಲಿತಾಂಶವು ಮಾತ್ರ ಅಗ್ಗದ್ದು. ಒಬ್ಬ ಕೆಡುಕನು ಸತ್ತರೆ ದಾರಿ ತೆರವಾಗುವುದಾದರೆ, ಕಿರುಧಾನ್ಯವನ್ನು ಮುಟ್ಟದವರ ಮನಸ್ಸು, ಪಾಠದ ಕೊಠಡಿಯ ಬಾಗಿಲು, ದನಗಳ ಹಿಂದೆ ಸವೆಯುವ ಬಾಲ್ಯ ಇವೆಲ್ಲ ಏನಾದವು?

ಈ ಪ್ರಶ್ನೆಯ ಉತ್ತರವನ್ನು ಕಾದಂಬರಿಯೇ ಬೇರೊಂದೆಡೆ ಕೊಟ್ಟಿದೆಯೆಂಬುದು ಆಶ್ಚರ್ಯ. ಬರದಲ್ಲಿ ದನಗಳು ಸಾಯುತ್ತಿವೆ. ಗಂಡಸರೆಲ್ಲ ದೊಡ್ಡಿಗಳಿಂದ ಹಿಂದಿರುಗುತ್ತಾರೆ. ಪೌಲೀನಾಳ ಮಗ ಐಸಾಕ್ ಮಾತ್ರ ಬರಲಿಲ್ಲ. ಮಖಾಯನು ದೊಡ್ಡಿಯ ಗುಡಿಸಲಿನೊಳಕ್ಕೆ ಹೋದರೆ ಇರುವುದು ಎಳೆಯ ಮೂಳೆಗಳು, ಮತ್ತು ಆ ಹುಡುಗನು ಬೇಸರ ಕಳೆಯಲು ಕೆತ್ತಿದ ಮರದ ಬೊಂಬೆಗಳು. ಕ್ಷಯದ ಕೆಮ್ಮು ಅವನನ್ನು ತಿಂದಿತ್ತು. ತಾಯಿ ಹೊಸ ಬೆಳೆಯ ವಿದ್ಯೆಯನ್ನು ಕಲಿಯುತ್ತಿದ್ದ ದಿನಗಳಲ್ಲಿ, ಶಾಲೆಗೆ ಹೋಗಬೇಕಾಗಿದ್ದ ಮಗನು ಒಬ್ಬನೇ ದನ ಕಾಯುತ್ತಿದ್ದನು. ಆ ಬೊಂಬೆಗಳನ್ನು ಕೆತ್ತಿದ ಕೈ ಒಂದು ಕಸಬನ್ನು ಕಲಿಯಬಲ್ಲ ಕೈಯೆಂದು ಹೇಳುವ ಅಗತ್ಯವಿಲ್ಲ. ಇಲ್ಲಿ ಕೆಡುಕನಿಲ್ಲ, ಯಾರೂ ಬೇಕೆಂದು ಮಾಡಿದ್ದಲ್ಲ. ಗ್ರಂಥದ ಅತ್ಯುತ್ತಮ ಭಾಗವು ಇದೇ. ಮಟೆಂಗೆಯ ಕಥೆಯೆಲ್ಲ ಇದರ ಮುಂದೆ ನಾಟಕದ ಬಣ್ಣದಂತೆ ತೋರುತ್ತದೆ.

1973ರ ‘ಎ ಕ್ವೆಶ್ಚನ್ ಆಫ್ ಪವರ್’ ಚಿತ್ತವಿಭ್ರಮೆಯ ಕಥೆಯೆಂದು ಪ್ರಸಿದ್ಧವಾಗಿದೆ. ಅದರ ಕೈತೋಟದ ಪ್ರಕರಣಗಳನ್ನು ಉಸಿರಾಡಿಸಿಕೊಳ್ಳುವ ಎಡೆಗಳೆಂದು ಎಣಿಸಿ ಮುಂದೆ ಹೋಗುವುದು ಓದುಗರ ವಾಡಿಕೆ, ಅದು ನ್ಯಾಯವಲ್ಲ. ಮೊದಲನೆಯ ಕಾದಂಬರಿಯಲ್ಲಿ ಬಿಡಿಸದೆ ಬಿಟ್ಟ ಗಂಟನ್ನು ಇಲ್ಲಿ ಬಿಚ್ಚಿದೆ. ಹೊರದೇಶದಿಂದ ಸೇವೆಗೆ ಬಂದ ಕಮಿಲ್ಲಾ ಎಂಬಾಕೆ, ಬೇಸಾಯ ಕಲಿಯುವ ಊರಿನ ಹುಡುಗರಿಗೆ ಏನೂ ತಿಳಿಯದೆಂದು ಅವರ ಎದುರಿಗೇ ಆಡುತ್ತಾಳೆ. ಗಿಲ್ಬರ್ಟನಲ್ಲಿ ಸೌಜನ್ಯದ ಹಿಂದೆ ಅಡಗಿದ್ದ ಮೇಲರಿಮೆ ಈಕೆಯಲ್ಲಿ ಬೆತ್ತಲೆಯಾಗಿ ನಿಂತಿದೆ. ಅವಳಿಗೆ ಎದುರಾಗಿ ಕೆನೋಸಿ ಇದ್ದಾಳೆ: ಮಾತು ಕಡಮೆ, ಕೆಲಸ ಹೆಚ್ಚು. ಕೇಪ್ ಗೂಸ್‌ಬೆರಿ ಹಣ್ಣಿನ ಪಾಕ ಮಾಡಿ ಮಾರುವ ಉದ್ಯೋಗದಲ್ಲಿ ಎಲಿಜಬೆತ್ ಕೆನೋಸಿಯರು ಗುರುಶಿಷ್ಯೆಯರಲ್ಲ, ಜೊತೆಗೆಲಸದವರು. ಎಲಿಜಬೆತ್ತಳ ಬುದ್ಧಿ ಕದಡಿ ಮಲಗಿದಾಗಲೂ ತೋಟವು ನಿಲ್ಲುವುದಿಲ್ಲ. ಕಲಿಸುವವರು ಇಲ್ಲದಾಗ ಕೆಲಸ ನಡೆಯುವುದೋ ಇಲ್ಲವೋ ಎಂಬುದಕ್ಕಿಂತ ಕಠಿಣವಾದ ಪರೀಕ್ಷೆ ಶಿಕ್ಷಣಕ್ಕೆ ಬೇರೆಯಿಲ್ಲ.

ಮೂರನೆಯದಾದ ‘ಸೆರೋವೆ: ವಿಲೇಜ್ ಆಫ್ ದಿ ರೇನ್ ವಿಂಡ್’ (1981) ಕಾದಂಬರಿಯಲ್ಲ, ಊರಿನ ಜನರನ್ನು ಕಂಡು ಕೇಳಿ ಅವರ ಮಾತುಗಳಲ್ಲಿಯೇ ನಿರೂಪಿಸಿದ ಚರಿತ್ರೆ. ಮೂರು ಭಾಗಗಳಿಗೆ ಮೂವರು ಪುರುಷರು: ಅರಸ ಖಾಮ, ಅವನ ಮಗ ತ್ಶೆಕೆಡಿ, ಪ್ಯಾಟ್ರಿಕ್ ವಾನ್ ರೆನ್ಸ್‌ಬರ್ಗ್. ಕೊನೆಯವರು ದಕ್ಷಿಣ ಆಫ್ರಿಕದ ರಾಯಭಾರದ ಉದ್ಯೋಗವನ್ನು ವರ್ಣಭೇದನೀತಿಗೆ ಪ್ರತಿಭಟನೆಯಾಗಿ 1957ರಲ್ಲಿ ತೊರೆದವರು. 1963ರಲ್ಲಿ ಸೆರೋವೆಯಲ್ಲಿ ಸ್ವಾನೆಂಗ್ ಹಿಲ್ ಶಾಲೆಯನ್ನು ಸ್ಥಾಪಿಸಿದರು. ಪ್ರಾಥಮಿಕ ಶಾಲೆ ಮುಗಿಸಿ ಮುಂದೆ ಸ್ಥಳ ಸಿಕ್ಕದೆ ಬೀದಿಯಲ್ಲಿ ನಿಂತ ಮಕ್ಕಳಿಗಾಗಿ 1965ರಲ್ಲಿ ಮನೆಕಟ್ಟುವವರ ‘ಬ್ರಿಗೇಡ್’ ಎಂಬ ತಂಡ ಹುಟ್ಟಿತು. ಅದರ ಹಿಂದೆಯೇ ಬೇಸಾಯ, ಬಡಗಿಕೆಲಸ, ನೆಯ್ಗೆ, ಚರ್ಮ ಹದಮಾಡುವಿಕೆ ಮುಂತಾದವು ಬಂದವು. ವಾರದ ಹೆಚ್ಚಿನ ದಿನಗಳಲ್ಲಿ ಕೆಲಸ, ಸ್ವಲ್ಪ ಹೊತ್ತು ಪಾಠ. ಕಲಿಯುವವರು ಮಾಡಿದ ವಸ್ತುವಿನ ಬೆಲೆಯಿಂದಲೇ ಕಲಿಕೆಯ ವೆಚ್ಚ ಹೊರಡಬೇಕೆಂಬುದು ತತ್ತ್ವ. 1937ರಲ್ಲಿ ವಾರ್ಧಾದಲ್ಲಿ ಗಾಂಧಿಯವರು ಮುಂದಿಟ್ಟ ಮೂಲಶಿಕ್ಷಣದ ಯೋಜನೆಯನ್ನು ಬಲ್ಲವರಿಗೆ ಇದು ಹಳೆಯ ನೆಂಟನಂತೆ ಕಾಣುವುದು. ಆ ಯೋಜನೆಯ ಬೇರು 1910ರಲ್ಲಿ ಜೊಹಾನ್ಸ್‌ಬರ್ಗಿನ ಬಳಿ ಹುಟ್ಟಿದ ಟಾಲ್‌ಸ್ಟಾಯ್ ಫಾರ್ಮಿನಲ್ಲಿದೆಯಾಗಿ, ಆಫ್ರಿಕದ ಮಣ್ಣಿಗೆ ಅದು ತೀರ ಹೊರಗಿನದೂ ಅಲ್ಲ. ಎರಡು ಕಡೆಯೂ ಒಂದೇ ಇಕ್ಕಟ್ಟು: ಸರಕು ಮಾರಿ ಹಣ ತರಬೇಕೆಂಬ ಅವಸರದಲ್ಲಿ ಕಲಿಯುವ ಹುಡುಗನು ಕೂಲಿಯ ಆಳಾಗಿಬಿಡುವ ಭಯ.

ವಾನ್ ರೆನ್ಸ್‌ಬರ್ಗರ ವಿಷಯದಲ್ಲಿ ಹೆಡ್ ಅವರ ಅಭಿಮಾನವು ಅಳತೆ ಮೀರಿದೆ. ತಂಡಗಳ ಲೆಕ್ಕಾಚಾರದ ಬಿರುಕುಗಳನ್ನು ಅವರು ಬೆರಳಿಟ್ಟು ತೋರಿಸಬಹುದಾಗಿತ್ತು. ಬ್ರಿಗೇಡುಗಳು ಮುಂದೆ ಸ್ವಂತ ದುಡಿಮೆಯ ಮೇಲೆ ನಿಲ್ಲಲಾರದೆ ಸರಕಾರದ ಹಣಕ್ಕೆ ಕೈಚಾಚಬೇಕಾಯಿತು. ಆದರೆ ಗ್ರಂಥದ ರಚನಾಕ್ರಮವು ಗ್ರಂಥಕರ್ತ್ರಿಯ ಅಭಿಮಾನಕ್ಕಿಂತ ಜಾಣವಾದುದು. ಭಾಗದ ತಲೆಯಲ್ಲಿ ಮಹಾಪುರುಷನ ಹೆಸರಿದ್ದರೂ ಒಳಗೆ ಮಾತನಾಡುವವರು ಕಲಿತವರು, ದುಡಿದವರು. ಒಬ್ಬನು ತನ್ನ ಕಸಬನ್ನು ಹೇಗೆ ಹಿಡಿದನೆಂದು ಹೇಳುವನು; ಮತ್ತೊಬ್ಬನು ಸಂಬಳ ಸಾಲದೆನ್ನುವನು. ಮೊದಲ ಕಾದಂಬರಿಯಲ್ಲಿ ಪೌಲೀನಾಳ ಪರವಾಗಿ ಗಿಲ್ಬರ್ಟನು ಕಂಡುಕೊಂಡ ಸತ್ಯವನ್ನು ಇಲ್ಲಿ ಪೌಲೀನಾಳಂತಹವರು ತಾವೇ ಹೇಳುತ್ತಾರೆ. ತೀರ್ಪಿನ ಪೀಠವು ಬರಿದಾಗಿದೆ. ವಾದಿಗಳು ಅಂಗಳದಲ್ಲಿ ಕುಳಿತು ಮಾತನಾಡುತ್ತಿದ್ದಾರೆ. ಶಾಲೆಯಿಲ್ಲದ ಕಾಲದಿಂದ ಬಂದ ಮಡಕೆ, ಬುಟ್ಟಿ, ಹುಲ್ಲುಮಾಡುಗಳ ಕಸಬಿನವರ ಹೇಳಿಕೆಗಳೂ ಇದೇ ಗ್ರಂಥದಲ್ಲಿ, ಬ್ರಿಗೇಡುಗಳ ಹುಡುಗರ ಹೇಳಿಕೆಗಳಿಗೆ ಸಮನಾದ ಗೌರವದಿಂದ ಸೇರಿವೆ.