ಬೈಗುಳದ ಮೇಲಿನ ಕತ್ತರಿ: ಬಯಲಾಟದ ನಗೆ ಮತ್ತು ಕಿರುತೆರೆಯ ಮರುಪ್ರಸಾರ

ಕಿರುತೆರೆಯ ಹಾಸ್ಯ ಕಾರ್ಯಕ್ರಮಗಳ ಮರುಪ್ರಸಾರದಲ್ಲಿ ಬೈಗುಳವಿದ್ದೆಡೆ ‘ಬೀಪ್’ ಶಬ್ದ ಕೇಳಿಸುವುದುಂಟು. 1994ರ ಕೇಬಲ್ ಟೆಲಿವಿಷನ್ ಜಾಲ ನಿಯಮಗಳ 6ನೆಯ ನಿಯಮವು ಸದಭಿರುಚಿಗೆ ಧಕ್ಕೆ ತರುವ, ಅಶ್ಲೀಲವಾದ ಕಾರ್ಯಕ್ರಮಗಳನ್ನು ನಿಷೇಧಿಸುತ್ತದೆ. ನಿಯಮದ ಉದ್ದೇಶದ ಬಗ್ಗೆ ತಕರಾರಿಲ್ಲ. ಕತ್ತರಿ ಯಾರ ಕೈಯಲ್ಲಿದೆ, ಅದು ಏನನ್ನು ಕತ್ತರಿಸುತ್ತದೆ ಎಂಬುದೇ ಇಲ್ಲಿನ ಪ್ರಶ್ನೆ.

ಈ ಪ್ರಶ್ನೆಗೆ ನಮ್ಮ ಜನಪದ ರಂಗಭೂಮಿ ತನ್ನದೇ ಉತ್ತರವನ್ನು ಕಂಡುಕೊಂಡಿತ್ತು. ಚಿತ್ರದುರ್ಗ ಸೀಮೆಯ ಮೂಡಲಪಾಯದ ಸಾರಥಿಯಾಗಲಿ, ತೊಗಲುಗೊಂಬೆಯಾಟದ ಕಿಳ್ಳೇಕ್ಯಾತ-ಬಂಗಾರಕ್ಕರಾಗಲಿ ಪುರಾಣಪ್ರಸಂಗದ ನಡುವೆಯೇ ಪೋಲಿಮಾತಾಡಿ ದೊರೆಗಳ ಗಾಂಭೀರ್ಯವನ್ನು ನೆಲಕ್ಕಿಳಿಸುತ್ತಾರೆ. ಎದುರಿಗೆ ಕುಳಿತವರನ್ನು ನೋಡಿ ಮಾತನ್ನು ಹಿಗ್ಗಿಸುವ, ತಗ್ಗಿಸುವ, ದ್ವಂದ್ವಾರ್ಥದಲ್ಲಿ ಮರೆಸುವ ವಿವೇಕ ಅಲ್ಲಿ ಕಲಾವಿದನದೇ. ಮುದ್ರಿತ ಕಾರ್ಯಕ್ರಮದಲ್ಲಿ ಅದಕ್ಕೆ ಎಡೆಯಿಲ್ಲ. ‘ಬೀಪ್’ ಪದವನ್ನಷ್ಟೇ ಅಳಿಸುತ್ತದೆ. ಹೆಣ್ಣಿನ ಮೈಯನ್ನೋ ಜಾತಿಯನ್ನೋ ‘ಶುದ್ಧ’ ಕನ್ನಡದಲ್ಲಿ ಹೀಯಾಳಿಸಿದರೆ ಅದು ನಿರಾತಂಕವಾಗಿ ದಾಟಿಹೋಗುತ್ತದೆ. ದೊಡ್ಡವರನ್ನು ಬೈದ ಮಾತು ಮಾತ್ರ ಮೂಕವಾಗುತ್ತದೆ.

ಜಾನಪದ ಸಂಗ್ರಾಹಕರೂ ಈ ದೋಷಕ್ಕೆ ಹೊರತಲ್ಲ. ಅಚ್ಚಿನಲ್ಲಿ ಅಂಥ ಪದಗಳಿದ್ದ ಜಾಗಕ್ಕೆ ನಾವೂ ಚುಕ್ಕಿಗಳನ್ನಿಟ್ಟಿದ್ದೇವೆ. ಎಷ್ಟೋ ಚುಕ್ಕಿಗಳ ಹಿಂದಿನ ಮಾತು ಹೇಳಿದವರೊಂದಿಗೇ ಮಣ್ಣಾಗಿದೆ. ಪ್ರಸಾರಕ್ಕೆ ಕತ್ತರಿ ಅನಿವಾರ್ಯವಾದರೂ ದಾಖಲೆಗೆ ಅದು ಸಲ್ಲದು. ಕತ್ತರಿಸದ ಮೂಲಪ್ರತಿಯನ್ನು, ಯಾರು ಯಾರಿಗೆ ಯಾವ ಸಂದರ್ಭದಲ್ಲಿ ಆಡಿದ ಮಾತೆಂಬ ವಿವರದೊಡನೆ ಕಾಯ್ದಿಡುವುದು ಸಂಶೋಧಕರ, ಗ್ರಂಥಾಲಯಗಳ ಹೊಣೆ.